ಕ್ಯಾಮೆರಾದಲ್ಲಿ ಮಾತ್ರ ನೋಡು

ನನ್ನ ಮೈದುನನ ಮಗುವನ್ನು ನಾನು ಕ್ಯಾಮೆರಾ ಒಳಗಿಂದ ಮಾತ್ರ ನೋಡಬಹುದು, ಬರಿಗಣ್ಣಿನಲ್ಲಿ ನೋಡಕೂಡದು, ಮುಟ್ಟುವುದಂತೂ ದೂರದ ಮಾತು. ಇದು ನಮ್ಮತ್ತೆ ಪಟಾಲಮ್ಮನವರು ಹೊರಡಿಸಿದ ಕಾನೂನು. ಅತ್ತೆಗೆ ಓದು ಬರಹ ಬಾರದು. ಆದರೆ ಕಾನೂನು ಮಾಡುವುದರಲ್ಲಿ ವಿಧಾನಸೌಧದವರು ಅವರ ಹತ್ತಿರ ಟ್ಯೂಷನ್ನಿಗೆ ಬರಬೇಕು.

ತಮಾಷೆ ಏನೆಂದರೆ, ಎಳೆಗೂಸುಗಳನ್ನು ಮುಟ್ಟುವುದೇ ನನ್ನ ಕಸುಬು. ಯಲಹಂಕ ನ್ಯೂ ಟೌನಿನಲ್ಲಿ ಒಂದು ಬೇಕರಿಯ ಮೇಲೆ ನನ್ನ ಸ್ಟುಡಿಯೋ ಇದೆ. ಬಸುರಿಯರ ಫೋಟೋ, ಹೆರಿಗೆಯಾದ ಕೂಡಲೇ ಆಸ್ಪತ್ರೆಯಲ್ಲಿ ತೆಗೆಯುವ ಫೋಟೋ, ಹುಟ್ಟಿದ ಹೊಸತರಲ್ಲಿ ಕೂಸಿನ ಫೋಟೋ, ಇಷ್ಟೇ ತೆಗೆಯುತ್ತೇನೆ. ಮದುವೆ ಗಿದುವೆಗೆ ಹೋಗುವುದಿಲ್ಲ. ಹೆಬ್ಬಾಳದಿಂದ, ಆರ್.ಟಿ. ನಗರದಿಂದ ಗುರುತು ಪರಿಚಯ ಇಲ್ಲದ ತಾಯಂದಿರು ಬಂದು, ಕೂಸನ್ನು ನನ್ನ ಕೈಗೆ ಹಾಕಿ, ಸೋಫಾದಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಾರೆ. ಪಾಪ, ರಾತ್ರಿಯೆಲ್ಲ ಎದ್ದಿದ್ದವರು. ನಾನು ಹೀಟರ್ ಹಾಕಿ ರೂಮು ಬೆಚ್ಚಗೆ ಮಾಡಿ, ಕೂಸನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಹೊಟ್ಟೆಯೊಳಗೆ ಹೇಗಿತ್ತೋ ಹಾಗೆ ಕಾಲು ಮಡಿಸಿ ಮಲಗಿಸುತ್ತೇನೆ. ಎಂಥ ರಚ್ಚೆ ಹಿಡಿದ ಕೂಸೂ ನನ್ನ ಅಂಗೈಗೆ ತಲೆ ಕೊಟ್ಟರೆ ಸುಮ್ಮನಾಗುತ್ತದೆ. ಜಂಬ ಕೊಚ್ಚುತ್ತಿಲ್ಲ, ಬೇಕಾದರೆ ಬೇಕರಿಯವನನ್ನು ಕೇಳಿ, ಅಳು ಯಾವಾಗ ನಿಂತಿತು ಎಂದು ಅವನಿಗೆ ಕೆಳಗಿನಿಂದಲೇ ಗೊತ್ತಾಗುತ್ತದೆ.

ಮನೆಯಲ್ಲಿ ಮಾತ್ರ ನಾನು ಬೇರೆ. ಮನೆಯಲ್ಲಿ ನಾನು ಮಗು ಕಳೆದುಕೊಂಡವಳು. ಎಂಟನೇ ತಿಂಗಳಲ್ಲಿ ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಗಂಡು ಎಂದು ನರ್ಸು ಹೇಳಿದಳು, ನನಗೆ ಯಾರೂ ತೋರಿಸಲಿಲ್ಲ. ನಾನಿನ್ನೂ ಮಂಪರಿನಲ್ಲಿರುವಾಗಲೇ ಬಟ್ಟೆಯಲ್ಲಿ ಸುತ್ತಿ ಒಯ್ದು, ಚಿಕ್ಕಜಾಲದಲ್ಲಿ ನಮಗೆ ಉಳಿದಿರುವ ಒಂದು ತುಂಡು ಜಮೀನಿನಲ್ಲಿ ಮಣ್ಣು ಮಾಡಿದರು. ಆಮೇಲೆ ಮಕ್ಕಳಾಗಲಿಲ್ಲ. ಈ ಸ್ಟುಡಿಯೋ ಶುರು ಮಾಡಿದ್ದು ಆಮೇಲೆಯೇ. ಇವಳಿಗೆ ತಲೆ ಕೆಟ್ಟಿದೆ ಎಂದರು ಜನ. ಇರಬಹುದು. ಯಾರ್ಯಾರದೋ ಕೂಸುಗಳ ಫೋಟೋ ನನ್ನ ಕಂಪ್ಯೂಟರಿನಲ್ಲಿ ತುಂಬಿ ತುಳುಕುತ್ತಿವೆ, ನನ್ನದರ ಒಂದು ಫೋಟೋ ಇಲ್ಲ.

ನಮ್ಮದು ಚಿಕ್ಕಜಾಲದಲ್ಲಿ ಒಂದರ ಮೇಲೊಂದು ಮೂರು ಮನೆ. ಏರ್‌ಪೋರ್ಟ್ ರೋಡಿಗೆ ಜಮೀನು ಹೋದಾಗ ಬಂದ ದುಡ್ಡಿನಲ್ಲಿ ಮಾವ ಕಟ್ಟಿಸಿದ್ದು, ಗೃಹಪ್ರವೇಶವಾದ ವರ್ಷವೇ ತೀರಿಕೊಂಡರು. ಕೆಳಗೆ ಅತ್ತೆ, ನಡುವೆ ನಾನು ಮತ್ತು ನನ್ನ ಗಂಡ ನಾಗೇಶ್, ಮೇಲೆ ಮೈದುನ ಗೋಕುಲ್ ಮತ್ತು ಅವನ ಹೆಂಡತಿ ನಯನಾ. ಅಡುಗೆ ಎಲ್ಲರದ್ದೂ ಕೆಳಗೇ.

ನಯನಾ ಈ ಮನೆಗೆ ಬಂದ ಮೇಲೆ ನನಗೆ ಉಸಿರಾಡುವ ಹಾಗಾಯಿತು. ಟಿ. ದಾಸರಹಳ್ಳಿಯ ಹುಡುಗಿ, ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತಾಳೆ. ಓರಗಿತ್ತಿಯರೆಂದರೆ ಕಿತ್ತಾಡಬೇಕು ಎಂದು ಊರವರು ಕಾದಿದ್ದೇ ಬಂತು, ನಾವು ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದೆವು. ಅವಳು ಬಸುರಿಯಾದಾಗ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಎರಡು ದಿನ ಸ್ಟುಡಿಯೋದಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಾ ಕೂತೆ. ಮೂರನೇ ದಿನ ಆ ಕಿಚ್ಚು ಆಸೆಯಾಯಿತು. ಒಂದೇ ಒಂದು ಆಸೆ. ಈ ಮನೆಯ ಕೂಸೊಂದನ್ನು ಎದೆಗೆ ಒತ್ತಿ ಹಿಡಿದುಕೊಳ್ಳಬೇಕು. ಗಿರಾಕಿಯ ಕೂಸಲ್ಲ, ಫೋಟೋಗೆ ಅಲ್ಲ, ದೊಡ್ಡಮ್ಮನಾಗಿ.

ಸೀಮಂತದ ದಿನ ನನ್ನ ಜಾಗ ಯಾವುದು ಎಂದು ಗೊತ್ತಾಯಿತು. ಬಳೆ ತೊಡಿಸಿ ಅರಿಶಿನ ಕುಂಕುಮ ಕೊಡಲು ಹೆಂಗಸರು ಸಾಲು ನಿಂತಿದ್ದರು. ನಾನೂ ರೇಷ್ಮೆ ಸೀರೆ ಉಟ್ಟು ಸಾಲಿನಲ್ಲಿದ್ದೆ. ಅತ್ತೆ ಬಂದು ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು.

"ಸುಮ, ನೀನು ಪೋಟ ತೆಗಿಯವ್ವ. ನಿನ್ನಂಗೆ ಇನ್ಯಾರ್ ತೆಗೀತಾರೆ."

ಹೊಗಳಿ ಹೊರಗೆ ನಿಲ್ಲಿಸುವುದು ಎಂದರೆ ಹೀಗೆ. ಮಗು ಕಳೆದುಕೊಂಡವಳು ಬಸುರಿಯ ಮಡಿಲು ತುಂಬಬಾರದು, ಬಸುರಿಗೆ ದೃಷ್ಟಿಯಾಗುತ್ತದೆ. ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾನು ಕ್ಯಾಮೆರಾ ತೆಗೆದುಕೊಂಡು ಬಂದು ಎಲ್ಲ ಹೆಂಗಸರ ಕೈಗಳನ್ನೂ ಚಂದವಾಗಿ ತೆಗೆದುಕೊಟ್ಟೆ.

ಆ ಸಂಜೆ ನಯನಾ ನನ್ನ ಮನೆಗೆ ಬಂದು ಪಕ್ಕದಲ್ಲಿ ಕೂತಳು. ಕೈ ತುಂಬ ಹಸಿರು ಬಳೆ.

"ಅಕ್ಕ, ಅತ್ತೆ ಹಳೇ ಕಾಲದವ್ರು. ಮನಸ್ಸಿಗೆ ಹಚ್ಕೋಬೇಡಿ. ನಾವೆಲ್ಲ ಓದಿರೋರು, ನಂಗೆ ಇದೆಲ್ಲ ಇಲ್ಲ. ಮಗು ಹುಟ್ಲಿ, ಫಸ್ಟ್ ನಿಮ್ ಕೈಗೇ ಕೊಡ್ತೀನಿ ನೋಡಿ."

ಮುಂದಿನ ವಾರ ಅವಳ ಹೊಟ್ಟೆಯ ಫೋಟೋ ತೆಗೆದೆ. ಉದ್ದನೆಯ ಕೆಂಪು ಗೌನು, ಕಿಟಕಿಯ ಬೆಳಕು, ಹೊಟ್ಟೆಯ ಮೇಲೆ ಎರಡೂ ಕೈ. ಗೌನಿನ ನೆರಿಗೆ ಹೊಟ್ಟೆಯ ಮೇಲೆ ಸರಿಯಾಗಿ ಕೂತಿರಲಿಲ್ಲ, ಸರಿಮಾಡಲು ಕೈ ಚಾಚಿದೆ. "ನಾನೇ ಮಾಡ್ಕೋತೀನಿ ಅಕ್ಕ, ನಿಮಗ್ಯಾಕೆ ತೊಂದ್ರೆ" ಎಂದು ಒಂದು ಹೆಜ್ಜೆ ಹಿಂದೆ ಸರಿದಳು. ಎಷ್ಟು ಸಂಕೋಚದ ಹುಡುಗಿ ಎಂದುಕೊಂಡೆ.

ಹೆರಿಗೆ ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಾಯಿತು. ಅದೇ ಆಸ್ಪತ್ರೆಯಲ್ಲಿ ಎಷ್ಟು ಹೆರಿಗೆಗಳ ಫೋಟೋ ತೆಗೆದಿದ್ದೇನೋ, ಅಲ್ಲಿನ ವಾಚ್‌ಮನ್ ನನ್ನನ್ನು ಕಂಡರೆ ಯಾರಿಗೋ ಹೆರಿಗೆ ಎಂದು ತಾನೇ ಗೇಟು ತೆಗೆಯುತ್ತಾನೆ. ಬ್ಯಾಟರಿ ಚಾರ್ಜ್ ಮಾಡಿ, ಬ್ಯಾಗು ಬಾಗಿಲ ಹತ್ತಿರ ಇಟ್ಟು ಫೋನು ಬರುತ್ತದೆ ಎಂದು ಕೂತಿದ್ದೆ. ಬಂತು, ಎಲ್ಲ ಮುಗಿದ ಮೇಲೆ. ಹೆಣ್ಣು ಮಗು, ತಾಯಿ ಮಗು ಚೆನ್ನಾಗಿದ್ದಾರೆ ಎಂದ ಗೋಕುಲ್. ಅರ್ಜೆಂಟಿನಲ್ಲಿ ಮರೆತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ನಯನಾ ಬಾಣಂತನಕ್ಕೆ ತವರಿಗೆ ಹೋದಳು. ಹುಟ್ಟಿದ ಮೊದಲ ಎರಡು ವಾರದೊಳಗೆ ಫೋಟೋ ತೆಗೆದರೆ ಚೆಂದ, ಆಮೇಲೆ ಕೂಸು ಕಾಲು ಚಾಚುತ್ತದೆ, ಹೇಳಿದಂತೆ ಮಲಗುವುದಿಲ್ಲ. ಒಂದು ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ಅತ್ತೆ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಆ ಕಾನೂನು ಹೊರಡಿಸಿದರು.

"ಬಾಣಂತಿ ಮನೇಗ್ ಓಗು. ಬ್ಯಾಡ ಅನ್ನಕಿಲ್ಲ. ಆದ್ರೆ ಮಗೀನ ಮುಟ್ಬ್ಯಾಡ. ಕ್ಯಾಮ್ರ ಕಣ್ಣಿಗಿಟ್ಕಂಡೇ ನೋಡು. ಬರಿಗಣ್ಣಲ್ಲಿ ನೋಡ್ಬ್ಯಾಡ."

"ಕ್ಯಾಮೆರಾ ಹಿಂದೆ ಇರೋದೂ ನನ್ ಕಣ್ಣೇ ಅಲ್ವಾ ಅತ್ತೆ?"

"ನಡುವೆ ಗಾಜು ಐತಲ್ಲ."

"ಹಾಗಾದ್ರೆ ಕನ್ನಡಕ ಹಾಕ್ಕೊಂಡ್ ಹೋಗ್ಲಾ?"

"ವಾದ ಬ್ಯಾಡ ಕಣವ್ವ. ಓಗೋದಾದ್ರೆ ಇಂಗೆ ಓಗು."

ಮೈಯೆಲ್ಲ ಉರಿದುಹೋಯಿತು. ವಾಪಸ್ ಮೇಲೆ ಹೋಗಿ ನಾಗೇಶನಿಗೆ ಹೇಳಿದೆ. "ಅಮ್ಮನ ವಿಷ್ಯ ಗೊತ್ತಲ್ಲ, ಬಿಡೇ" ಎಂದು ಅವನು ಶರ್ಟಿನ ಗುಂಡಿ ಹಾಕಿಕೊಂಡ. ನನ್ನ ಗಂಡ ಕೆಟ್ಟವನಲ್ಲ, ಆದರೆ ‘ಬಿಡೇ’ ಎನ್ನುವುದನ್ನು ಬಿಟ್ಟು ಅವನಿಗೆ ಬೇರೆ ಮಾತು ಬರುವುದಿಲ್ಲ. ಹೋಗುವುದೇ ಬೇಡ ಎನ್ನಿಸಿತು. ಹೋಗದೆ ಇರುವುದಕ್ಕೂ ಆಗಲಿಲ್ಲ.

ದಾಸರಹಳ್ಳಿಯ ಆ ಕೋಣೆಯಲ್ಲಿ ಸಾಂಬ್ರಾಣಿ, ಬೆಳ್ಳುಳ್ಳಿ, ಹರಳೆಣ್ಣೆ ಎಲ್ಲ ಸೇರಿದ ವಾಸನೆ. ನಯನಾ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮಂಚದ ಮೇಲಿದ್ದಳು. "ಅತ್ತೆ ಫೋನ್ ಮಾಡಿದ್ರು ಅಕ್ಕ, ಏನೋ ಹೇಳಿದ್ರು. ನಂಗೆ ನಾಚಿಕೆ ಆಗೋಯ್ತು. ಏನ್ ಮಾಡೋದು, ಹಿರಿಯರು" ಎಂದಳು. ನಾನೇ ಅವಳನ್ನು ಸಮಾಧಾನ ಮಾಡಿದೆ. ಬಾಗಿಲಲ್ಲೇ ಕ್ಯಾಮೆರಾ ಕಣ್ಣಿಗಿಟ್ಟುಕೊಂಡೆ.

ಹೊಸ ಕ್ಯಾಮೆರಾಗಳಲ್ಲಿ ಒಂದು ವಿಷಯವಿದೆ. ಮೊದಲಿನವುಗಳಲ್ಲಿ ಗಾಜಿನ ಮೂಲಕ ಎದುರಿರುವುದೇ ಕಾಣುತ್ತಿತ್ತು. ಈಗಿನವುಗಳಲ್ಲಿ ಕಣ್ಣಿಡುವ ಕಡೆ ಒಂದು ಪುಟ್ಟ ಪರದೆ ಇರುತ್ತದೆ, ಕಾಣುವುದು ಅದರ ಮೇಲೆ ಮೂಡುವ ಚಿತ್ರ. ಟಿವಿ ನೋಡಿದ ಹಾಗೆ. ಅತ್ತೆಗೆ ಇದು ಗೊತ್ತಿರಲಿಲ್ಲ, ಗೊತ್ತಿದ್ದರೆ ಇನ್ನೂ ಖುಷಿಪಡುತ್ತಿದ್ದರು. ಒಂದು ಮೊಳ ದೂರದಲ್ಲಿದ್ದ ನಮ್ಮ ಮನೆಯ ಕೂಸನ್ನು ನಾನು ಟಿವಿಯಲ್ಲಿ ನೋಡಿದೆ.

ಕೂಸಿಗೆ ತಲೆ ತುಂಬ ಕೂದಲು. ಕೆನ್ನೆಯಲ್ಲಿ ಕಾಡಿಗೆಯ ದೊಡ್ಡ ಬೊಟ್ಟು. ಆಕಳಿಸಿದಾಗ ಇಡೀ ಮುಖವೇ ಬಾಯಾಯಿತು. ಕೂಸನ್ನು ಮಲಗಿಸುವುದು, ತಿರುಗಿಸುವುದು ಎಲ್ಲ ನಯನಾಳ ಅಮ್ಮ ಗೌರಮ್ಮ ಮಾಡಿದರು, ನಾನು ಕ್ಯಾಮೆರಾ ಹಿಂದಿನಿಂದ ಹೇಳುತ್ತಿದ್ದೆ. ಕತ್ತು ಹಿಡ್ಕೊಳ್ಳಿ, ಕಾಲು ಮಡಿಸಿ, ಬೆರಳು ಬಿಡಿಸಿ. ನನ್ನ ಎಡಗಣ್ಣು ಮುಚ್ಚಿಯೇ ಇತ್ತು. ತೆರೆದಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೆ ತೆರೆಯಲಿಲ್ಲ. ನನಗೆ ಹೆದರಿಕೆ. ನಾಳೆ ಕೂಸಿಗೆ ಒಂದು ಕೆಮ್ಮು ಬಂದರೂ ಅದು ನನ್ನ ತಲೆಗೇ ಬರುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ನಾನೂ ಎಲ್ಲೋ ಅದನ್ನು ನಂಬುತ್ತಿದ್ದೆ. ಒಂದು ಹೋದ ಮೇಲೆ ಯಾವುದನ್ನು ನಂಬಬಾರದು ಎಂದು ತಿಳಿಯುವುದಿಲ್ಲ.

ನಡುವೆ ಒಮ್ಮೆ ಗೌರಮ್ಮನವರ ಕೈಯಲ್ಲಿ ಕೂಸಿನ ತಲೆ ಹಿಂದಕ್ಕೆ ವಾಲಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು, ದಿನಾ ಮಾಡುವ ಕೆಲಸ ನೋಡಿ. "ಅಕ್ಕ" ಎಂದಳು ನಯನಾ, ಅಷ್ಟೇ. ಕೈ ಹಿಂದೆ ತೆಗೆದುಕೊಂಡೆ. "ಅತ್ತೆಗೆ ಗೊತ್ತಾದ್ರೆ ಸುಮ್ನೆ ರಾಮಾಯಣ" ಎಂದು ನಕ್ಕಳು. ನಾನೂ ನಕ್ಕೆ. ಬರುವಾಗ ಪೀಣ್ಯ ಫ್ಲೈಓವರ್ ಮೇಲೆ ಗಾಡಿ ಓಡಿಸುತ್ತಾ, ಹೆಲ್ಮೆಟ್ಟಿನೊಳಗೇ ಅತ್ತೆಯನ್ನು ಬಾಯಿಗೆ ಬಂದ ಹಾಗೆ ಬೈದೆ. ಮುದುಕಿ, ಕಲ್ಲೆದೆಯವಳು, ನಿನ್ನ ಬಾಯಿಗೆ ಮಣ್ಣು ಬೀಳ. ಇನ್ನೂ ಏನೇನೋ, ಬರೆಯುವ ಹಾಗಿಲ್ಲ.

ಅಲ್ಲಿಂದ ಮೂರು ತಿಂಗಳು ನಾನು ಅತ್ತೆಯ ಹತ್ತಿರ ಮಾತು ಬಿಟ್ಟೆ. ಅವರು ಬಡಿಸಿದ್ದನ್ನು ತಿಂದು ತಟ್ಟೆ ತೊಳೆದಿಟ್ಟು ಮೇಲೆ ಹೋಗುತ್ತಿದ್ದೆ. ಅವರೂ ಕೇಳಲಿಲ್ಲ. ನಯನಾಳ ಜೊತೆ ಮಾತ್ರ ದಿನಾ ಫೋನು. ಅವಳ ಮುಂದೆ ಅತ್ತೆಯನ್ನು ಬೈದು ಹಗುರಾಗುತ್ತಿದ್ದೆ. "ನೀವ್ ಹೇಳೋದು ಸರಿ ಅಕ್ಕ" ಎನ್ನುತ್ತಿದ್ದಳು ಅವಳು.

ನಾಮಕರಣ ನಮ್ಮ ಮನೆಯ ಮುಂದೆಯೇ ಆಯಿತು. ರಸ್ತೆಗೆ ಅಡ್ಡ ಶಾಮಿಯಾನ, ಬಾಗಿಲಿಗೆ ಬಾಳೆಕಂಬ, ಸ್ಪೀಕರಿನಲ್ಲಿ ಕಿವಿ ಕಿತ್ತುಹೋಗುವ ಓಲಗ. ನಾನು ಉದ್ದನೆಯ ಲೆನ್ಸು ಹಾಕಿಕೊಂಡು ಒಂದು ಕಂಬದ ಪಕ್ಕ ನಿಂತಿದ್ದೆ. ಇನ್ನು ಮುಂದೆ ಈ ಕೂಸು ನನ್ನ ತಲೆಯ ಮೇಲಿನ ಮನೆಯಲ್ಲೇ ಇರುತ್ತದೆ. ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಕ್ಯಾಮೆರಾ ಹಿಡಿದುಕೊಂಡು ಓಡಾಡಲೇ ಎಂದು ಯೋಚಿಸುತ್ತಿದ್ದೆ.

ಹೆಸರು ಕೂಗುವ ಹೊತ್ತಿಗೆ ತೊಡಕಾಯಿತು. ಹೆಸರು ಕೂಗಬೇಕಾದವಳು ಸೋದರತ್ತೆ. ನಾಗೇಶ ಗೋಕುಲ ಇಬ್ಬರೇ, ಅಕ್ಕತಂಗಿಯರಿಲ್ಲ. ತೊಟ್ಟಿಲ ಹತ್ತಿರ ಕೂತಿದ್ದ ಊರಿನ ಹಿರಿಯಜ್ಜಿ ಯಲ್ಲಮ್ಮ ಅತ್ತ ಇತ್ತ ನೋಡಿದಳು.

"ಸೋದರತ್ತೆ ಇಲ್ದಿದ್ರೆ ದೊಡ್ಡಮ್ಮ ಇಲ್ವಾ? ಆಕೆ ಮಡ್ಲಿಗೆ ಆಕಿ ಮಗೀನ. ಆಕೇನೆ ಎಸ್ರು ಕೂಗ್ಲಿ."

ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು, ಆಮೇಲೆ ಅತ್ತೆಯನ್ನು. ನಾನು ಕ್ಯಾಮೆರಾ ಕೆಳಗಿಳಿಸಲಿಲ್ಲ. ಅದರೊಳಗಿಂದಲೇ ಕಂಡೆ, ಅತ್ತೆ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡರು. ಎತ್ತಿಕೊಂಡು ನನ್ನ ಕಡೆಗೇ ಬಂದರು. ಬರುತ್ತಾ ಬರುತ್ತಾ ಪರದೆಯ ತುಂಬ ಅವರೇ ಆದರು, ಮಬ್ಬಾದರು.

"ಕ್ಯಾಮ್ರ ಮಡುಗು" ಎಂದರು. "ಇಡ್ಕ."

ಮೂರು ತಿಂಗಳ ಮೇಲೆ ಅವರು ನನಗೆ ಆಡಿದ ಮೊದಲ ಮಾತು ಅದು. ನಾನು ಕ್ಯಾಮೆರಾವನ್ನು ಬೆನ್ನ ಹಿಂದಕ್ಕೆ ತಳ್ಳಿ ಎರಡೂ ಕೈ ಚಾಚಿದೆ. ಕೂಸಿನ ಬಟ್ಟೆಯ ಬಿಸಿ ಅಂಗೈಗೆ ತಗುಲಿತು, ಭಾರ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಹಸಿರು ಬಳೆಯ ಎರಡು ಕೈ ಬಂದವು. ನಯನಾ ಕೂಸನ್ನು ತೆಗೆದುಕೊಂಡು ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು. ಓಲಗದ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದಳೇನೋ. ನಾನು ಅಲ್ಲೇ ಇದ್ದೆ, ನನಗೆ ಕೇಳಿಸಿತು.

"ಅತ್ತೆ, ಏನ್ ಮಾತಾಗಿತ್ತು ನಮ್ಮಲ್ಲಿ? ಅವ್ರ ಕೈಗೆ ಬೇಡ ಅಂತ ಎಷ್ಟ್ ಸಲ ಹೇಳ್ಬೇಕು ನಾನು?"

ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಹಾಲು ಕುಡಿಯೋ ಹೊತ್ತಾಯ್ತು, ರಂಪ ಮಾಡ್ತಾಳೆ" ಎಂದು ನಗುತ್ತಾ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಗೌರಮ್ಮನವರು ಕೂಸಿನ ಕಿವಿಯಲ್ಲಿ ಇಳಾ ಎಂದು ಹೆಸರು ಕೂಗಿದರು. ಅದರ ಫೋಟೋ ನಾನೇ ತೆಗೆದೆ. ಫೋಕಸ್ ತಪ್ಪಲಿಲ್ಲ, ಕಸುಬು ಅಂದರೆ ಅದೇ.

ಊಟಕ್ಕೆ ಎಲೆ ಹಾಕುವಾಗ ನಾನು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತೆ. ಅತ್ತೆ ಹಿಂದೆಯೇ ಬಂದರು. ನಿಂತೇ ಇದ್ದರು.

"ಸೀಮಂತದಲ್ಲಿ ದೂರ ನಿಲ್ಸಿದ್ದು ನಾನೇ" ಎಂದರು. "ಅದು ನಂದು. ಇಲ್ಲ ಅನ್ನಕಿಲ್ಲ. ನಮ್ಮತ್ತೆ ನಂಗೆ ಏಳ್ಕೊಟ್ಟಿದ್ದು ಅಂಗೆ. ಆಮ್ಯಾಗಿಂದು ನಂದಲ್ಲ."

"ಹಾಗಾದ್ರೆ ನಯನಾದಾ?"

"ಆಸ್ಪತ್ರೇಗೂ ಕರೀಬ್ಯಾಡಿ, ಬಾಣಂತಿ ಮನೇಗೂ ಬರ್ಕೂಡ್ದು ಅಂದ್ಲು. ಅತ್ಲು, ಕಾಲ್ ಇಡ್ಕಂಡ್ಲು. ಅಕ್ಕನ್ನ ಕಂಡ್ರೆ ಪ್ರೀತಿ, ಆದ್ರೆ ಭಯ ಆಯ್ತದೆ ಅಂದ್ಲು. ಬಸ್ರಿ ಎಂಗ್ಸು, ನಾನ್ ಏನ್ ಮಾಡ್ಲಿ? ಕ್ಯಾಮ್ರದಲ್ಲಾದ್ರೂ ನೋಡ್ಲಿ ಬುಡವ್ವ, ಮುಟ್ಬ್ಯಾಡ ಅಂತ ನಾನೇ ಏಳ್ತೀನಿ ಅಂದು ಒಪ್ಪಿಸ್ದೆ. ಅಷ್ಟು ಒಪ್ಪಿಸೋಕೇ ಸಾಕ್ಸಾಕಾಯ್ತು."

ಮೂರು ತಿಂಗಳು ನಾನು ಶಾಪ ಹಾಕಿದ್ದ ಆ ಕಾನೂನು, ಇವರು ನನಗಾಗಿ ಗೋಗರೆದು ತಂದದ್ದು.

"ನನ್ ಹತ್ರ ಯಾಕೆ ಹೇಳ್ಲಿಲ್ಲ ಅತ್ತೆ? ಎಲ್ಲಾ ನಿಮ್ ಮೇಲೇ ಹಾಕ್ಕೊಂಡ್ರಲ್ಲ."

"ಅತ್ತೆ ಕೆಟ್ಟೋಳು ಅಂದ್ರೆ ಯಾರ್ಗೂ ಏನೂ ಅನ್ಸಕಿಲ್ಲ ಕಣವ್ವ. ನೀವಿಬ್ರು ಒಂದೇ ಒಲೆ ಮುಂದೆ ಇನ್ನೂ ಎಷ್ಟ್ ವರ್ಸ ಬಾಳ್ಬೇಕೋ. ನಾನ್ ಇನ್ನೆಷ್ಟ್ ದಿನ. ಇವತ್ತು ಯಲ್ಲಮ್ಮ ಅಂಗಂದಾಗ ತಡೀನಾರ್ದೆ ಎತ್ಕಂಡ್ ಬಂದ್ಬುಟ್ಟೆ. ತರ್ಬಾರ್ದಿತ್ತು."

ಹೇಳಿ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ, ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು.

"ಆವತ್ತು ನಿನ್ ಮಗೀನ ಮಕ ನಿಂಗೆ ತೋರಿಸ್ನಿಲ್ಲ. ತೋರಿಸ್ಬ್ಯಾಡಿ ಅಂತ ಏಳ್ದೋಳು ನಾನೇ. ನೋಡಿದ್ರೆ ಮರೆಯಕ್ಕಾಗಕಿಲ್ಲ ಅಂತ. ನೋಡ್ದೇನೂ ನೀನ್ ಮರೀನಿಲ್ಲ. ಅದುಕ್ಕೇ ಈ ಮಗೀನಾದ್ರೂ ನೋಡ್ಲಿ ಅಂತ."

"ನೀವು ನೋಡಿದ್ರಾ?"

"ಸುತ್ತಿದ್ದೇ ನಾನಲ್ವಾ."

"ಹೇಗಿತ್ತು ಅತ್ತೆ?"

ಅವರು ಎರಡೂ ಅಂಗೈ ಜೋಡಿಸಿ ಮಡಿಲಲ್ಲಿಟ್ಟುಕೊಂಡರು. "ಕೂದ್ಲು ಒತ್ತಾಗಿತ್ತು" ಎಂದರು. "ಮೂಗು ನಾಗೇಸಂದು. ಬಾಯಿ ನಿಂದೇ. ಮಲ್ಗಿರಂಗೇ ಇತ್ತು."

ಅಷ್ಟೇ. ನನ್ನ ಮಗನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ, ಇದನ್ನೂ ಇನ್ನೊಬ್ಬರ ಬಾಯಿಂದ ಕೇಳಿ ತಿಳಿದೆ. ಅವರ ಮೇಲೆ ಕೋಪ ಬಂತು, ಆ ಕೈ ಹಿಡಿದುಕೊಳ್ಳಬೇಕು ಎಂದೂ ಅನ್ನಿಸಿತು. ಎರಡೂ ಮಾಡಲಿಲ್ಲ. ಒಳಗಿಂದ ಗೋಕುಲ್ ಕೂಗಿದ, "ಅತ್ತಿಗೇ, ಫ್ಯಾಮಿಲಿ ಫೋಟೋ ಬಾಕಿ ಇದೆ, ಎಲ್ರೂ ಕಾಯ್ತಿದಾರೆ."

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡರು. "ಅವ್ಳ್ನ ಏನೂ ಕೇಳ್ಬ್ಯಾಡ" ಎಂದರು. "ನಂಗೋಸ್ಕರ."

ಶಾಮಿಯಾನದ ಕೆಳಗೆ ಎರಡು ಸಿಂಹಾಸನದಂಥ ಕುರ್ಚಿ ಹಾಕಿದ್ದರು. ನಯನಾ, ಗೋಕುಲ್ ಕೂತಿದ್ದರು, ಕೂಸು ನಯನಾಳ ತೊಡೆಯ ಮೇಲೆ. ನಾಗೇಶ್, ಗೌರಮ್ಮ, ನಾಕಾರು ನೆಂಟರು ಸುತ್ತ ನಿಂತಿದ್ದರು. ಅತ್ತೆ ಹೋಗಿ ಕುರ್ಚಿಯ ಹಿಂದೆ ನಿಂತರು. ನಾನು ಎದುರಿಗೆ ನಿಂತು ಕ್ಯಾಮೆರಾ ಎತ್ತುವ ಮೊದಲೇ ನಯನಾ ಮಾತಾಡಿದಳು.

"ಅಕ್ಕ, ಬೇಜಾರ್ ಮಾಡ್ಕೊಂಡ್ರಾ? ಅತ್ತೆ ಗೊತ್ತಲ್ಲ ನಿಮಗೆ. ಅವ್ರ ನಂಬಿಕೆ ಅವ್ರಿಗೆ. ಎತ್ಕೊಂಡು ಬಂದು ಆಮೇಲೆ ಬೇಡ ಅಂದ್ರು. ನಾನ್ ಏನ್ ಹೇಳಿದ್ರೂ ಕೇಳಲ್ಲ."

ಅವಳ ಕಣ್ಣು ನನ್ನ ಮುಖದಲ್ಲೇ ಇತ್ತು. ನನಗೆ ಕೇಳಿಸಿತೋ ಇಲ್ಲವೋ ಎಂದು ಹುಡುಕುತ್ತಿದ್ದಳು. ನೆಂಟರು ಅತ್ತೆಯ ಕಡೆ ಒಂದು ಥರಾ ನೋಡಿದರು. ಗೌರಮ್ಮನವರು ತಲೆ ಆಡಿಸಿದರು, ಪಾಪ ಸುಮಾ ಎನ್ನುವ ಹಾಗೆ. ಅತ್ತೆ ನೆಲ ನೋಡುತ್ತಿದ್ದರು. ಒಂದೇ ಮಾತು ಸಾಕಿತ್ತು ನನಗೆ, ನಾಲಿಗೆಯ ತುದಿಯಲ್ಲೇ ಇತ್ತು. ಆಡಿದರೆ ಆ ಕೂಸು ನನ್ನ ಕೈಗೆ ಇನ್ನು ಎಂದೂ ಬರುವುದಿಲ್ಲ. ಆಡದಿದ್ದರೂ ಬರುವುದಿಲ್ಲ ಎಂದು ಅವಳ ಕೈ ಕೂಸನ್ನು ಬಿಗಿಯಾಗಿ ಹಿಡಿದಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಹೌದು ಕಣೇ, ಗೊತ್ತು" ಎಂದೆ. "ನಮ್ಮತ್ತೆ ಬದಲಾಗೋರಲ್ಲ."

ನಯನಾಳ ಮುಖ ಸಡಿಲಾಯಿತು. ಚೆನ್ನಾಗಿ ನಕ್ಕಳು. ಎಲ್ಲರೂ ಈ ಕಡೆ ನೋಡಿ ಎಂದೆ. ಅತ್ತೆಯೂ ತಲೆ ಎತ್ತಿ ನೋಡಿದರು, ನಾನು ಒತ್ತಿದೆ. ಫೋಟೋ ಚೆನ್ನಾಗಿ ಬಂದಿದೆ, ಮೂರು ಮನೆಗೂ ಒಂದೊಂದು ಪ್ರತಿ ಕಟ್ಟು ಹಾಕಿಸಿ ತನ್ನಿ ಎಂದು ಗೋಕುಲ್ ಹೇಳಿದ್ದಾನೆ.